ಸೋರೋ ಡೀಸೆಲ್ ಟ್ಯಾಂಕ್: ವೆಲ್ಡಿಂಗಿಗೆ ಒಯ್ಯೂಕಿಂತ ಮೊದಲ

ಸಿಂಧನೂರಿನ ಅಣ್ಣಾರ, ಹಳೇ ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕ್ ತಳದಾಗ ಜಿನಗಾಕತ್ತೈತಿ, ಎಂ-ಸೀಲ್ ಎರಡು ಸಲ ಹಚ್ಚಿದ್ರೂ ಕಿತ್ತು ಬಂತು, ಡೀಸೆಲ್ ಖಾಲಿ ಮಾಡಿ ನಾಳೆ ವೆಲ್ಡಿಂಗ್ ಅಂಗಡಿಗೆ ಒಯ್ಯಲೇನು ಅಂತ ಕೇಳೀರಿ. ನಾಳೆ ಒಯ್ಯಬ್ಯಾಡ್ರಿ. ಅಪಾಯ ಇರೋದೇ ಖಾಲಿ ಟ್ಯಾಂಕಿನಾಗ, ಆವಿ ಮತ್ತ ಗಾಳಿ ಎರಡೂ ಒಳಗ ಸೇರಿರತಾವ. ಡೀಸೆಲ್ ಪೆಟ್ರೋಲಿನಂಗ ಹತ್ತಂಗಿಲ್ಲ ಅಂತಾರ, ಆದ್ರ ನಮ್ಮ ದೇಶದ ಡೀಸೆಲ್ಲಿನ ಆವಿ ಕಿಡಿಗೆ ಹತ್ತೋ ಕಾವಿನ ಮಿತಿ ಕನಿಷ್ಠ 35 ಡಿಗ್ರಿ ಅಷ್ಟ. ಏಪ್ರಿಲ್ ಮೇದಾಗ ನಮ್ಮ ಕಡಿ ಗಾಳಿನ 40 ದಾಟತೈತಿ, ಬಿಸಿಲಾಗಿಟ್ಟ ತಗಡಿಂದು ಕೇಳೂದ ಬ್ಯಾಡ. ತುಕ್ಕಿನ ಕೆಳಗ, ಜೋಡಿನ ಸಂದಿಯಾಗ ಉಳಿದ ಡೀಸೆಲ್ ವಾಸನಿ ಬರಂಗಿಲ್ಲ. ಗ್ಯಾಸಿನ ಜ್ವಾಲೆ ತಾಗಿದ ಮ್ಯಾಲ ಆವಿ ಆಗತೈತಿ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು, ಆವಿ ಹತ್ತದಂಗ ಮಾಡಾಕ ಟ್ರ್ಯಾಕ್ಟರಿನ ಸೈಲೆನ್ಸರ್ ಹೊಗಿ ಪೈಪಿಲೆ ಟ್ಯಾಂಕಿನಾಗ ಬಿಡ್ರಿ ಅಂದಾರ. ಅದನ್ನ ನಂಬಬ್ಯಾಡ್ರಿ. ಸುಮ್ನೆ ಓಡೋ ಡೀಸೆಲ್ ಎಂಜಿನ್ನಿನ ಹೊಗಿಯಾಗ ಆಮ್ಲಜನಕ ಬಹಳಷ್ಟು ಸುಡದ ಹಂಗ ಉಳಿದಿರತೈತಿ, ಅದಕ್ಕ ಆವಿ ಆಮ್ಯಾಲೂ ಹತ್ತಬಹುದು.

ಮೊದಲ ಅದು ತೂತೋ ಅಲ್ಲೋ ನೋಡ್ರಿ. ತಳದ ಬೋಲ್ಟಿನ ವಾಷರ್, ಪೈಪಿನ ತಾಮ್ರದ ವಾಷರ್, ಮಿಕ್ಕ ಡೀಸೆಲ್ ಟ್ಯಾಂಕಿಗೆ ತಿರುಗಿ ತರೋ ರಿಟರ್ನ್ ಪೈಪ್, ಡೀಸೆಲ್ ಎಷ್ಟೈತಿ ಅಂತ ತೋರಸೋ ಮೀಟರ್ ಯುನಿಟ್ಟಿನ ಪ್ಯಾಕಿಂಗ್ ಇವೂ ಸೋರತಾವ. ಡೀಸೆಲ್ ಜೋಡಿನ ಗುಂಟ ಹರಿದು ಒಂದು ಮೊಳ ದೂರ ತೊಟಕತೈತಿ. ಸೋಪಿನ ಪುಡಿಲೆ ತೊಳದು, ಒಣಗಿಸಿ, ಚಾಕ್‌ಪೀಸ್ ಪುಡಿ ಉಜ್ಜಿ ಹತ್ತು ನಿಮಿಷ ಬಿಡ್ರಿ. ಮೊದಲ ಹಸಿ ಆದ ಚುಕ್ಕಿನ ಸೋರೋ ಜಾಗ. ರಿಪೇರಿ ಆಗೋತನ ಕೆಲಸ ನಿಲ್ಲಬಾರದು ಅಂದ್ರ ಬಟ್ಟಿ ಸೋಪ್ ಒಣದು ಒತ್ತಿ ತಿಕ್ಕ್ರಿ, ಒಂದೆರಡು ದಿನ ತಡೀತೈತಿ, ಯಾಕಂದ್ರ ಸೋಪು ಡೀಸೆಲ್ಲಿನಾಗ ಕರಗಂಗಿಲ್ಲ. ಎಂ-ಸೀಲಿಗೆ ಬಣ್ಣ ಕೆರೆದ ಒಣ ತಗಡು ಬೇಕು. ಜಿನಗೋ ಜಾಗಕ್ಕ ಹಚ್ಚಿದ್ರ ಹತ್ತು ಸಲ ಹಚ್ಚಿದ್ರೂ ಕಿತ್ತು ಬರತೈತಿ.

ಹೆಚ್ಚಿನ ಕೆಲಸ ತೊಳಿಯೋದ್ರಾಗ ಐತಿ. ಪೈಪು, ಜಾಳಿಗಿ, ಮೀಟರ್ ಯುನಿಟ್ ಎಲ್ಲಾ ಬಿಚ್ಚಿ, ಕುದಿ ಬಂದ ನೀರಿಗೆ 5 ಲೀಟರಿಗೆ 100 ಗ್ರಾಂ ಬಟ್ಟಿ ತೊಳಿಯೋ ಸೋಡಾ ಹಾಕಿ, ಜೊತಿಗೆ ಹಳೇ ನಟ್ ಒಂದು ಹಿಡಿ ಹಾಕಿ ಕುಲುಕಿಸ್ರಿ. ಎಣಿಸಿ ಹಾಕ್ರಿ, ಎಣಿಸಿ ತಗೀರಿ. ಒಳಗ ಉಳಿದ ನಟ್ ಒಂದಿನ ಹೊರಗ ಹೋಗೋ ಪೈಪಿನ ಬಾಯಿಗೆ ಬಂದು ಕುಂದರತೈತಿ. ಮೂರು ಸಲ ಹಿಂಗ ತೊಳೀರಿ. ಪೆಟ್ರೋಲಿಲೆ ಮಾತ್ರ ತೊಳೀಬ್ಯಾಡ್ರಿ. ತುಕ್ಕು ದಪ್ಪ ಇದ್ರ ನಿಂಬಿ ಉಪ್ಪು (ಸಿಟ್ರಿಕ್ ಆಸಿಡ್) ಲೀಟರಿಗೆ 50 ಗ್ರಾಂ, ಬೆಚ್ಚನ ನೀರಾಗ ಕರಗಿಸಿ ತಳ ಮುಳಗುವಷ್ಟು ಹಾಕಿ ಒಂದು ರಾತ್ರಿ ಬಿಡ್ರಿ. ಆಮ್ಯಾಲ ಸೋಡಾ ನೀರಿಲೆ ಹುಳಿ ಮುರೀರಿ.

ಈಗ ತೂತಿನ ಸುತ್ತ ಒಂದು ಹಳೇ ಸ್ಕ್ರೂಡ್ರೈವರಿಲೆ ಒತ್ತಿ ನೋಡ್ರಿ. ನೀರು ತಳಕ್ಕ ನಿಂತು ಒಳಗಿಂದ ತಿಂದಿರತೈತಿ, ಹೊರಗ ಸೂಜಿಮೊನಿ ಅಷ್ಟು ಕಂಡ್ರ ಒಳಗ ನಾಲ್ಕಾಣೆ ಅಗಲ ತೆಳ್ಳಗಾಗಿರತೈತಿ. ನಾಕೈದು ಕಡಿ ಚುಚ್ಚಿ ಒಳಗ ಹೋತಂದ್ರ ರಿಪೇರಿ ಬಿಡ್ರಿ, ಬ್ಯಾರೆ ಟ್ಯಾಂಕ್ ಹುಡುಕ್ರಿ.

ಬೆಸಗಿನೋ (ಸೀಸ ಕರಗಿಸಿ ಹಚ್ಚೋದು) ಹಿತ್ತಾಳಿ ಕಡ್ಡಿನೋ (ಗ್ಯಾಸಿನ ಜ್ವಾಲೆಯಾಗ ಹಿತ್ತಾಳಿ ಕರಗಿಸಿ ಹಚ್ಚೋದು), ಮೊದಲ ತೀರ್ಮಾನ ಮಾಡ್ರಿ. ಒಮ್ಮೆ ಸೀಸದ ಬೆಸಗಿ ಕುಂತ ಜಾಗದಾಗ ಆಮ್ಯಾಲ ಹಿತ್ತಾಳಿ ಸರಿಯಾಗಿ ಹಿಡಿಯಂಗಿಲ್ಲ. ಬಯಲಾಗಿರೋ ಸಣ್ಣ ತೂತಿಗೆ ಬೆಸಗಿ ಸಾಕು. ಟ್ಯಾಂಕ್ ಬಿಗಿದು ಹಿಡಿಯೋ ಪಟ್ಟಿ ಹತ್ತರ, ಬ್ರ್ಯಾಕೆಟ್ ಹತ್ತರ ಬಿರುಕು ಇದ್ರ ಹಿತ್ತಾಳಿನ ಹಾಕಸ್ರಿ, ಅಲ್ಲಿ ನಡುಕಕ್ಕ ಬೆಸಗಿ ಬಿರೀತೈತಿ. ಕರೆಂಟ್ ವೆಲ್ಡಿಂಗ್ ಬ್ಯಾಡ. ತುಕ್ಕು ತಿಂದ ತಗಡಿನಾಗ ಒಂದು ತೂತು ಮುಚ್ಚಾಕ ಹೋಗಿ ಮೂರು ತೂತು ಆಗತಾವ.

ಟ್ಯಾಂಕ್ ಬೋರಲ ಹಾಕಿಸ್ರಿ. ಮುಚ್ಚಳದ ಕೆಳಗ ಹಳೇ ಟ್ಯೂಬಿನ ತುಂಡು ಇಟ್ಟು ಬಿಗದು, ಯುನಿಟ್ಟಿನ ಬಾಯಿಗೆ ತಗಡು-ರಬ್ಬರ್ ಹಚ್ಚಿ ಬಂದ್ ಮಾಡ್ರಿ. ಈಗ ಮ್ಯಾಲೆ ಬಂದ ತಳದ ಬೋಲ್ಟಿನ ಬಾಯಿಯಿಂದ ನೀರು ಹಾಕಿ, ತಗಡಿಗೆ ಒಂದಿಂಚು ಕಮ್ಮಿ ಬಿಡ್ರಿ. ನೀರು ತಗಡಿಗೇ ಮುಟ್ಟಿದ್ರ ಕಾವು ಎಳಕೊಂಡು ಬೆಸಗಿ ಕರಗಂಗಿಲ್ಲ, ಒಂದಿಂಚಿಗಿಂತ ಜಾಸ್ತಿ ಖಾಲಿ ಬಿಟ್ರ ಆವಿಗೆ ಜಾಗ ಆಗತೈತಿ. ಬೋಲ್ಟಿನ ಬಾಯಿ ಮುಚ್ಚಬ್ಯಾಡ್ರಿ, ಉಗಿ ಹೊರಗ ಹೋಗಬೇಕು. ತ್ಯಾಪಿ ತಗಡು ಒಂದು ಎಂಎಂ ದಪ್ಪ, ತೂತಿಗಿಂತ ಎಲ್ಲಾ ಕಡಿ 15 ಎಂಎಂ ಅಗಲ, ಮೂಲಿ ದುಂಡಗ ಇರಲಿ. ಚೂಪ ಮೂಲಿ ಮೊದಲ ಏಳತೈತಿ. ಎರಡೂ ತಗಡು ಎಮರಿ ಪೇಪರಿಲೆ ಬೆಳ್ಳಿಯಂಗ ಹೊಳಿಯೋತನಕ ತಿಕ್ಕಿ, ಎರಡಕ್ಕೂ ಬ್ಯಾರೆ ಬ್ಯಾರೆ ತೆಳ್ಳಗ ಬೆಸಗಿ ಸವರಿ, ಆಮ್ಯಾಲ ಕೂಡಿಸಿ ಕಾಸಿ ಒತ್ತಬೇಕು. ಅಂಚಿನ ಸುತ್ತ ಬೆಸಗಿ ಮಿಂಚು ಬಂತಂದ್ರ ಕೂತೈತಿ. ಬೆಸಗಿ ಹಿಡೀಲಿ ಅಂತ ಆಸಿಡ್ ಹಚ್ಚಿದ ಜಾಗ ಸೋಡಾ ನೀರಿಲೆ ತೊಳೀರಿ, ಇಲ್ಲಂದ್ರ ಅಲ್ಲೇ ಹೊಸ ತುಕ್ಕು.

ಪರೀಕ್ಷಾಕ್ಕ ಕಂಪ್ರೆಸರ್ ಬ್ಯಾಡ, ಟ್ಯಾಂಕ್ ಉಬ್ಬತೈತಿ. ನೀರು ಚೆಲ್ಲಿ, ಬ್ಲೋವರಿಲೆ ಒಣಗಿಸಿ, ತಡ ಮಾಡದ ಒಂದು ಲೀಟರ್ ಡೀಸೆಲ್ ಹಾಕಿ ಎಲ್ಲಾ ಕಡಿ ಹೊರಳಾಡಿಸಿ ಚೆಲ್ರಿ. ಆಮ್ಯಾಲ 5 ಲೀಟರ್ ಹಾಕಿ ಕೆಳಗ ಪೇಪರ್ ಹಾಸಿ ಒಂದು ರಾತ್ರಿ ಬಿಡ್ರಿ. ಒಳಗ ನೀರು ಉಳಿದ್ರ ಡೀಸೆಲ್ ಪಂಪ್ ಕೆಡತೈತಿ, ಅದರ ಖರ್ಚಿನ ಮುಂದ ಟ್ಯಾಂಕಿಂದು ಏನೂ ಅಲ್ಲ.

ಕೂಡ್ರಿಸುವಾಗ ಪಟ್ಟಿ ಕೆಳಗ ಗೋಣಿ ಚೀಲ ಹಾಕಬ್ಯಾಡ್ರಿ, ನೀರು ಹಿಡಕೊಂಡು ತಗಡು ತಿಂತೈತಿ. ಬಳ್ಳಾರಿ ಸಂಡೂರು ಕಡಿ ಗುಜರಿಯಾಗ ಹಳೇ ಕನ್ವೇಯರ್ ಬೆಲ್ಟ್ ತುಂಡು ಸಿಗತಾವ, ಅದು ಬೇಷ್. ತಾಮ್ರದ ವಾಷರ್ ಹೊಸಾದು, ಫಿಲ್ಟರ್ ಹೊಸಾದು. ಡೀಸೆಲ್ ಪೈಪಿನಾಗ ಸೇರಿದ ಗಾಳಿ ತಗಿಯೋವಾಗ ಫಿಲ್ಟರಿನ ಸ್ಕ್ರೂ ಸಡ್ಲ ಮಾಡಿ ಕೈ ಪಂಪ್ ಹೊಡೀರಿ, ಗುಳ್ಳಿ ಇಲ್ಲದ ಡೀಸೆಲ್ ಬಂದ ಮ್ಯಾಲ ಬಿಗೀರಿ, ಆಮ್ಯಾಲ ಡೀಸೆಲ್ ಪಂಪಿನ ಸ್ಕ್ರೂನೂ ಹಂಗ. ಹತ್ತು ತಾಸು ಕೆಲಸ ಆದ ಮ್ಯಾಲ ಫಿಲ್ಟರ್ ಬಿಚ್ಚಿ ನೋಡ್ರಿ, ಸಡ್ಲಾದ ತುಕ್ಕು ಆಗ ಬರತೈತಿ.

ಬ್ಯಾರಲ್ಲಿನಿಂದ ಹಾಕ್ತೀರಿ ಅಂದ್ರ ಒಂದು ದಿನ ತಿಳಿ ಬಿಟ್ಟು ಮ್ಯಾಲಿನದು ಅಷ್ಟ ತಕ್ಕೊಳ್ರಿ. ತೂತು ಪಟ್ಟಿ ಕೆಳಗ ಐತೋ, ಬಯಲಾಗ ಐತೋ ಒಂದು ಫೋಟೋ ಹಾಕ್ರಿ, ಬೆಸಗಿನೋ ಹಿತ್ತಾಳಿನೋ ನೋಡಿ ಹೇಳತೀನಿ.