ಬಚ್ಚಲಮನೆಯ ನಳ ಯಾಕೆ ಹರಿಯುತ್ತದೆ?

ಕಲಬುರಗಿಯ ತಾಯಿಯೊಬ್ಬರು ಮೂರು ಹಾಳೆ ಬರೆದಿದ್ದಾರೆ. ಮಗಳು ಬಿ.ಎಸ್ಸಿ ಎರಡನೇ ವರ್ಷ. ಸೋಮವಾರ, ಗುರುವಾರ, ಶನಿವಾರ ಉಪವಾಸ; ಉಳಿದ ದಿನ ಅರ್ಧ ರೊಟ್ಟಿ. ಆದರೆ ರಾತ್ರಿ ಡಬ್ಬಿಯಲ್ಲಿನ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಮಾಯ. ಕಿರಿ ಮಗನೇ ತಿಂತಾನೆ ಅಂತ ಅವನಿಗೆ ಬೈಗುಳ. ಹಾಳೆಯ ತುಂಬ ಉಪವಾಸದ್ದೇ ಗೋಳು. ಕೊನೆಗೆ, ಬರೆದರೂ ಆಯಿತು ಬಿಟ್ಟರೂ ಆಯಿತು ಎಂಬಂತೆ ಒಂದು ಸಾಲು: ‘ಉಂಡ ಕೂಡ್ಲೇ ಬಚ್ಚಲಕ್ಕ ಹೋಗಿ ನಳ ಬಿಟ್ಕೊಂಡು ಕುಂದರ್ತಾಳ್ರಿ, ನೀರಿನ ಬೆಲಿ ಗೊತ್ತಿಲ್ಲ. ಗಲ್ಲ ಮಾತ್ರ ತುಂಬ್ಯಾವ, ಅದೊಂದೇ ಸಮಾಧಾನ.’

ಅಕ್ಕಾವ್ರೇ, ನೀರಿನ ಚಿಂತೆ ಬಿಡಿ. ವಾಂತಿಯ ಸದ್ದು ಕೇಳಬಾರದು ಅಂತ ನಳ ಬಿಡುತ್ತಿರಬಹುದು. ಮೇಲಿಂದ ಮೇಲೆ ವಾಂತಿ ಮಾಡಿದರೆ ಕಿವಿಯ ಕೆಳಗಿನ ಜೊಲ್ಲು ಗ್ರಂಥಿ ಊದಿ ಗಲ್ಲ ತುಂಬಿದಂತೆ ಕಾಣುತ್ತದೆ. ಅವಳ ಬಲಗೈ ಬೆರಳ ಗೆಣ್ಣು ನೋಡಿ; ಹಲ್ಲು ತಾಗಿ ಚರ್ಮ ದಪ್ಪಗಾಗಿದೆಯೇ? ಇಲ್ಲದಿದ್ದರೂ ಅನುಮಾನ ಬಿಡಬೇಡಿ.

ವೈದ್ಯರು ಇದನ್ನು ಬುಲಿಮಿಯಾ ಎನ್ನಬಹುದು. ಈ ಕಾಯಿಲೆಯಲ್ಲಿ ತೂಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅದಕ್ಕೇ ಮನೆಯವರಿಗೆ ಹೊಳೆಯುವುದಿಲ್ಲ. ದಿನವಿಡೀ ಹಸಿದ ದೇಹ ರಾತ್ರಿ ಕೈ ಮೀರಿ ತಿನ್ನಿಸುತ್ತದೆ. ತಿಂದದ್ದಕ್ಕೆ ಹೇಸಿ ವಾಂತಿ, ಮರುದಿನ ಮತ್ತೆ ಉಪವಾಸ. ಛಲವೂ ಅಲ್ಲ, ಕಳ್ಳತನವೂ ಅಲ್ಲ. ಮಗನ ಮೇಲಿನ ಆಪಾದನೆ ಇವತ್ತೇ ತೆಗೆಯಿರಿ.

ಮದುವೆ ಮನೆಯಲ್ಲಿ ‘ಹಿಂಗ ಊದಿದ್ರ ಗಂಡು ಎಲ್ಲಿಂದ ತರೂದು’ ಅಂದ ಸೋದರತ್ತೆಯ ಬಗ್ಗೆ ನೀವು ‘ಪಾಪ, ಚಾಷ್ಟಿ ಮಾಡಿದ್ರು’ ಎಂದು ಬರೆದಿದ್ದೀರಿ. ನನಗೆ ಪಾಪ ಅನ್ನಿಸಲಿಲ್ಲ. ಒಂದು ಮಾತಿನಿಂದ ಕಾಯಿಲೆ ಹುಟ್ಟದು, ನಿಜ; ಆದರೂ ಊಟದ ಹೊತ್ತಿಗೆ ಹುಡುಗಿಯ ಮೈ ಅಳೆಯುವವರಿಗೆ ಪಂಕ್ತಿಯಲ್ಲಿ ಜಾಗ ಇರಬಾರದು. ಮನೆಯಲ್ಲಿ ತೂಕದ ಯಂತ್ರವಿದ್ದರೆ ಅದಕ್ಕೂ ಇಲ್ಲ.

ಈಗ ಮಾಡಬೇಕಾದ್ದು ಒಂದೇ: ನಾಳೆಯೇ ನಿಮ್ಮೂರ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೋ ಬೇರೆ ದವಾಖಾನೆಗೋ ಕರೆದೊಯ್ದು ರಕ್ತದ ಪೊಟ್ಯಾಸಿಯಂ, ಸೋಡಿಯಂ ಪರೀಕ್ಷೆ ಮತ್ತು ಇಸಿಜಿ ಮಾಡಿಸಿ. ವಾಂತಿಯಿಂದ ಪೊಟ್ಯಾಸಿಯಂ ಇಳಿಯುತ್ತದೆ, ಕಡಿಮೆಯಾದರೆ ಕಾಲು ಸೆಳೆತ, ಸುಸ್ತು ಬರಬಹುದು, ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ. ವಾಂತಿಯ ವಿಷಯ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಅಲ್ಲಿಂದಲೇ ಮನೋರೋಗ ವಿಭಾಗಕ್ಕೆ ಹೋಗಿ.

ಬಾಗಿಲು ಬಡಿದು ಹಿಡಿಯಲು ಹೋಗಬೇಡಿ. ಇಬ್ಬರೇ ಇದ್ದಾಗ, ಊಟದ ಹೊತ್ತು ಬಿಟ್ಟು, ‘ಉಂಡದ್ದು ನಿಲ್ಲವಲ್ದು ಅಂತ ನನಗ ಅನಸ್ತದವ್ವಾ. ಬೈಯಂಗಿಲ್ಲ, ನಾ ಜೋಡಿ ಬರ್ತೀನಿ’ ಅನ್ನಿ. ಆಮೇಲೆ ಮೂರು ಊಟ, ನಡುವೆ ಎರಡು ಸಲ ತಿಂಡಿ. ನಾಲ್ಕು ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಇರಕೂಡದು. ಉಂಡ ಮೇಲೆ ಒಂದು ತಾಸು ಜೊತೆಗೆ ಕೂತು ಟಿವಿಯೋ ಚೌಕಾಬಾರವೋ ನಡೆಯಲಿ. ವಾಂತಿಯಾದರೆ ನೀರಿನಿಂದ ಬಾಯಿ ಮುಕ್ಕಳಿಸಲಿ. ಕೂಡಲೇ ಹಲ್ಲುಜ್ಜಿದರೆ ಆಮ್ಲದಿಂದ ಮೆತ್ತಗಾದ ಹಲ್ಲು ಇನ್ನಷ್ಟು ಸವೆಯುತ್ತದೆ. ಉಪವಾಸ ಹರಕೆಯದಾದರೆ ಶರಣಬಸವಪ್ಪನ ಗುಡಿಗೆ ಹೋಗಿ ತಪ್ಪುಗಾಣಿಕೆ ಹಾಕಿ ಬಿಡಿಸಿ.

ಅವಳು ಬರಲು ಒಪ್ಪದಿದ್ದರೆ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ತಲೆ ತಿರುಗಿ ಬಿದ್ದರೆ, ಎದೆ ಅಡ್ಡಾದಿಡ್ಡಿ ಬಡಿದರೆ, ವಾಂತಿಯಲ್ಲಿ ರಕ್ತ ಕಂಡರೆ ಫೋನ್ ಹಿಡಿದು ಕೂಡಬೇಡಿ. ನಡುರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಒಯ್ಯಿರಿ.