ಆಟಗಾರನಾಗಿದ್ದು ವಕೀಲರಾದವರ ಬಗ್ಗೆ: ಪ್ರತಿಕ್ರಿಯೆ
ಮಾನ್ಯರೇ, ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿದವರು ವಕೀಲರಾದರೆ ಆಟದ ಅನುಭವ ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಅಮೆರಿಕದ ಜಾನ್ ಮಾಂಟ್ಗೊಮರಿ ವಾರ್ಡ್ ಅವರ ಬದುಕನ್ನು ಗಮನಿಸಿ. ಪೆನ್ ಸ್ಟೇಟ್ ಕಾಲೇಜಿನಲ್ಲಿ ಆಡಿ ಬೆಳೆದು, 1880ರ ಜೂನ್ 17ರಂದು ಪ್ರಾವಿಡೆನ್ಸ್ ತಂಡಕ್ಕಾಗಿ ಚೆಂಡೆಸೆಯುತ್ತ ಎದುರಾಳಿಗಳ 27 ಬ್ಯಾಟರ್‌ಗಳಲ್ಲಿ ಒಬ್ಬರನ್ನೂ ಮೊದಲ ಬೇಸ್ (ಬ್ಯಾಟರ್ ಓಡಿ ಸೇರಬೇಕಾದ ಮೊದಲ ನಿಲುಗಡೆ) ತಲುಪಲು ಬಿಡದ ಅವರು, ಮುಂದೆ ನ್ಯೂಯಾರ್ಕ್ ತಂಡದಲ್ಲಿ ಆಡುತ್ತಿದ್ದಾಗಲೇ ಅಲ್ಲಿನ ಕೊಲಂಬಿಯಾ ಕಾನೂನು ಕಾಲೇಜಿನಲ್ಲಿ ಓದಿ 1885ರಲ್ಲಿ ಕಾನೂನು ಪದವಿ ಪಡೆದರು. ಆಗಿನ ಕರಾರಿನ ಪ್ರಕಾರ ಮಾಲೀಕರು ಬಿಟ್ಟುಕೊಡದ ಹೊರತು ಆಟಗಾರ ಬೇರೆ ತಂಡ ಸೇರುವಂತಿರಲಿಲ್ಲ. ಆ ಷರತ್ತನ್ನು ಆಟಗಾರನಾಗಿ ಅನುಭವಿಸಿ, ಕಾನೂನು ಬಲ್ಲವನಾಗಿ ಓದಿದ್ದರಿಂದಲೇ ಅವರು ಅದೇ ವರ್ಷ ಆಟಗಾರರ ಸಂಘ ಕಟ್ಟಿದರು, 1890ರಲ್ಲಿ ಪ್ರತ್ಯೇಕ ಲೀಗ್ ಹುಟ್ಟುವುದಕ್ಕೂ ಕಾರಣರಾದರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಲೀಗ್ ಒಂದೇ ಋತುವಿಗೆ ನಿಂತುಹೋಯಿತು. ಆದರೆ 1894ರಲ್ಲಿ ಆಟ ಬಿಟ್ಟ ವಾರ್ಡ್, ನ್ಯೂಯಾರ್ಕಿನಲ್ಲಿ ವಕೀಲಿ ವೃತ್ತಿ ಹಿಡಿದು, ಮಾಲೀಕರ ವಿರುದ್ಧ ಆಟಗಾರರ ಪರವಾಗಿಯೂ ವಾದಿಸಿದರು.