ಟಿಪ್ಪರ್‌ಗೆ ಹೊಸ ಟೈರ್ ಹಾಕಿದ ಮೇಲೂ ಸ್ಟೇರಿಂಗ್ ಅದುರುತ್ತದೆ, ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಹತ್ತು ಚಕ್ರದ ಟಿಪ್ಪರ್, ಸಂಡೂರಿನ ಗಣಿಯಿಂದ ತೋರಣಗಲ್ಲಿಗೆ ಅದಿರು ಹೊಡೆಯುತ್ತೀರಿ. ಮುಂದೆ ಎರಡು ಹೊಸ 10.00-20 ಟ್ಯೂಬ್ ಟೈರ್ ಹಾಕಿಸಿದ್ದೀರಿ. ಗಣಿ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಹೈವೇಗೆ ಬಂದು 50 ದಾಟಿದ ಕೂಡಲೇ ಸ್ಟೇರಿಂಗ್ ಅದುರುತ್ತದೆ. ಚಕ್ರದ ಭಾರ ಸುತ್ತಲೂ ಸರಿದೂಗಿಸಲು (ಬ್ಯಾಲೆನ್ಸಿಂಗ್) ಅದರ ಅಂಚಿಗೆ ಸಣ್ಣ ತೂಕ ಹೊಡೆಸಬೇಕಾ, ಇಲ್ಲ ಅದೇ ಕೆಲಸಕ್ಕೆ ಟೈರ್ ಒಳಗೆ ಸಣ್ಣ ಬ್ಯಾಲೆನ್ಸಿಂಗ್ ಮಣಿ ಹಾಕಿಸಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ನಾನು ಹೊಸಪೇಟೆ ಕಡೆ ಇಂಥ ಗಾಡಿಗಳ ಟೈರ್ ಕೆಲಸ ನೋಡಿಕೊಳ್ಳುವವನು. ಗಣಿ ಗಾಡಿಗಳಲ್ಲಿ ಟೈರಿನದೇ ತಪ್ಪು ಇರುವುದು ಕಡಿಮೆ. ಮಣ್ಣು ಮೆತ್ತಿರುತ್ತದೆ, ಟೈರ್ ಡಿಸ್ಕಿನ (ಟೈರ್ ಕೂರುವ ಕಬ್ಬಿಣದ ಚಕ್ರ) ಮೇಲೆ ಸರಿಯಾಗಿ ಕೂತಿರುವುದಿಲ್ಲ, ಅಥವಾ ಡಿಸ್ಕ್ ಹಬ್ಬಿನ (ಆಕ್ಸಲ್ ತುದಿಯಲ್ಲಿ ಡಿಸ್ಕ್ ಬಿಗಿಯುವ ಭಾಗ) ಮೇಲೆ ಓರೆ ಕೂತಿರುತ್ತದೆ. ಕಾರಣ ಹುಡುಕದೆ ತೂಕ ಹೊಡೆದರೆ ದುಡ್ಡೂ ದಂಡ, ಅದುರುವುದೂ ನಿಲ್ಲುವುದಿಲ್ಲ.

ಮೊದಲು ತೊಳೆಯಿರಿ. ಹೊರಗಿನಿಂದ ನೀರು ಹೊಡೆದರೆ ಸಾಲದು, ಡಿಸ್ಕಿನ ಒಳಮೈ ಕೈಹಾಕಿ ನೋಡಿ. ಅದಿರಿನ ಪುಡಿ ಕಲೆತ ಕೆಮ್ಮಣ್ಣು ಬರೀ ಮಣ್ಣಿಗಿಂತ ಭಾರ, ಒಂದು ರಾತ್ರಿ ಒಣಗಿದರೆ ಉಳಿ ಹಿಡಿದೇ ಕೀಳಬೇಕು. ನಿಮ್ಮ ಟೈರ್ 60ರ ಸ್ಪೀಡಿನಲ್ಲಿ ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತದೆ. ಡಿಸ್ಕಿನ ಒಳಗೆ ಒಂದೇ ಕಡೆ ಒಂದು ಕೆಜಿ ಮಣ್ಣು ಅಂಟಿದ್ದರೂ ಅದು ಪ್ರತಿ ಸುತ್ತಿನಲ್ಲೂ ಹೆಚ್ಚುಕಮ್ಮಿ 24 ಕೆಜಿ ಭಾರದಷ್ಟು ಜೋರಾಗಿ ಆಕ್ಸಲ್ ಎಳೆಯುತ್ತದೆ. 30ರಲ್ಲಿ ಅದೇ ಮಣ್ಣಿನ ಎಳೆತ ಬರೀ 6 ಕೆಜಿ. ಸ್ಪೀಡು ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಗಣಿ ರಸ್ತೆಯಲ್ಲಿ ಗೊತ್ತಾಗದ್ದು ಹೈವೇಯಲ್ಲಿ ಯಾಕೆ ಗೊತ್ತಾಗುತ್ತದೆ ಅನ್ನುವುದಕ್ಕೆ ಇದೇ ಕಾರಣ.

ತೊಳೆದ ಮೇಲೂ ಅದುರಿದರೆ ಖಾಲಿ ಗಾಡಿಯ ಹಿಂದಿನ ಚಕ್ರಗಳಿಗೆ ಗಟ್ಟಿಯಾಗಿ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಜಾಕಿ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕಿಯ ಮೇಲೆ ನಂಬಿಕೆ ಇಟ್ಟು ಯಾರೂ ಕೆಳಗೆ ಹೋಗಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಸಡಿಲ ಇದ್ದರೆ ಹಬ್ ಬೇರಿಂಗ್ ಅಥವಾ ಕಿಂಗ್ ಪಿನ್ (ಮುಂದಿನ ಚಕ್ರ ಎಡ-ಬಲ ತಿರುಗುವ ಗೂಟ) ನೋಡಬೇಕು. ಅಕ್ಕಪಕ್ಕ ಅಲ್ಲಾಡಿದರೆ ಟೈ ರಾಡ್ ಎಂಡ್, ಅಂದರೆ ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಕೀಲು. ಇವು ಸವೆದಿದ್ದರೆ ಸಣ್ಣ ಅದುರು ಕೂಡ ದೊಡ್ಡದಾಗಿ ಸ್ಟೇರಿಂಗಿಗೆ ಬರುತ್ತದೆ, ಆಗ ಟೈರಿಗೆ ಏನು ಮಾಡಿದರೂ ಉಪಯೋಗ ಇಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಅದುರುತ್ತದಾ? ಹಾಗಿದ್ದರೆ ಡ್ರಮ್ ನೋಡಿಸಿ, ಅದು ಬೇರೆ ಕಥೆ.

ಈಗ ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಊರಿ, ಅದರ ತುದಿ ಟೈರಿಗೆ ಇನ್ನೇನು ತಾಗುವಷ್ಟು ಹತ್ತಿರ ಇಟ್ಟು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಮೇಲ್ಮೈಯಲ್ಲೂ ನೋಡಿ, ಪಕ್ಕದಲ್ಲೂ ನೋಡಿ. ಸಂದು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗಿ, ವ್ಯತ್ಯಾಸ 2–3 ಮಿ.ಮೀ. ದಾಟಿದರೆ ಅದು ತೂಕದ ತೊಂದರೆ ಅಲ್ಲ, ಚಕ್ರ ದುಂಡಗೆ ಓಡುತ್ತಿಲ್ಲ. ಟೈರಿನ ಪಕ್ಕದಲ್ಲಿ, ಡಿಸ್ಕಿನ ಅಂಚಿನ ಹತ್ತಿರ ಸುತ್ತಲೂ ಒಂದು ಸಣ್ಣ ಗೆರೆ ಅಚ್ಚಾಗಿರುತ್ತದೆ, ನೋಡಿದ್ದೀರಲ್ವಾ? ಆ ಗೆರೆಗೂ ಡಿಸ್ಕಿನ ಅಂಚಿಗೂ ಇರುವ ಅಂತರ ಸುತ್ತಲೂ ಒಂದೇ ಇರಬೇಕು. ಇಲ್ಲದಿದ್ದರೆ ಗಾಳಿ ಪೂರ್ತಿ ತೆಗೆದು, ಟೈರ್ ಬಿಚ್ಚಿ, ಡಿಸ್ಕಿನ ತುಕ್ಕು ಉಜ್ಜಿ, ಫ್ಲಾಪ್ (ಟ್ಯೂಬಿಗೂ ಡಿಸ್ಕಿಗೂ ನಡುವಿನ ರಬ್ಬರ್ ಪಟ್ಟಿ) ಮಡಚಿಲ್ಲ ಅಂತ ನೋಡಿ, ಅಂಚಿಗೆ ಟೈರ್ ಪೇಸ್ಟ್ ಹಚ್ಚಿ ಮತ್ತೆ ಕೂರಿಸಬೇಕು. ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಹಗುರ ಇರುವ ಜಾಗ, ಅದನ್ನು ವಾಲ್ವಿನ ನೇರಕ್ಕೆ ತನ್ನಿ.

ಇಲ್ಲೊಂದು ಮಾತು, ದಯವಿಟ್ಟು ಗಮನ ಕೊಡಿ. ನಿಮ್ಮದು ಲಾಕ್ ರಿಂಗ್ (ಟೈರ್ ಹೊರಬರದಂತೆ ಹಿಡಿಯುವ ಕಬ್ಬಿಣದ ಬಳೆ) ಇರುವ ಡಿಸ್ಕ್. ಒಳಗೆ 100 ಪಿಎಸ್‌ಐಗಿಂತ ಜಾಸ್ತಿ ಗಾಳಿ ಇರುತ್ತದೆ. ರಿಂಗ್ ಸ್ವಲ್ಪ ಓರೆ ಕೂತಿದೆ ಅಂತ ಗಾಳಿ ಇರುವಾಗಲೇ ಸುತ್ತಿಗೆಯಲ್ಲಿ ತಟ್ಟುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ರಿಂಗ್ ಹಾರಿದರೆ ಎದುರು ಇದ್ದವನು ಉಳಿಯುವುದು ಕಷ್ಟ. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಹೋದ ಮೇಲೆಯೇ ರಿಂಗಿಗೆ ಕೈ ಹಾಕಬೇಕು, ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಟ್ಟೇ ತುಂಬಬೇಕು. ಪಂಜರ ಇಲ್ಲದ ಅಂಗಡಿಯಲ್ಲಿ ಈ ಕೆಲಸ ಮಾಡಿಸಬೇಡಿ, ನಿಮ್ಮ ಹುಡುಗನ ಕೈಲೂ ಮಾಡಿಸಬೇಡಿ.

ಚಕ್ರ ಮತ್ತೆ ಹಾಕುವಾಗ ಹಬ್ಬಿನ ಮುಖ, ಡಿಸ್ಕಿನ ಹಿಂಬದಿ ಎರಡನ್ನೂ ವೈರ್ ಬ್ರಷ್‌ನಿಂದ ಉಜ್ಜಿ. ಅಲ್ಲಿ ಒಂದು ಪದರ ಮಣ್ಣು ಉಳಿದರೂ ಚಕ್ರ ಓರೆ ಓಡುತ್ತದೆ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರು ಬಿಗಿಯುತ್ತಾ ಬನ್ನಿ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಇಷ್ಟಾದ ಮೇಲೂ ಅದುರು ಉಳಿದರೆ ಆಗ ದೊಡ್ಡ ಗಾಡಿಗಳ ಬ್ಯಾಲೆನ್ಸಿಂಗ್ ಮಷಿನ್ ಇರುವ ಕಡೆ ಹೋಗಿ ತೂಕ ಹೊಡೆಸಿ. ಮಷಿನ್ 400–500 ಗ್ರಾಂಗಿಂತ ಜಾಸ್ತಿ ಕೇಳಿದರೆ ಹೊಡೆಯಲು ಬಿಡಬೇಡಿ, ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ನೋಡಲು ಹೇಳಿ. ಎಷ್ಟೋ ಸಲ ಡಿಸ್ಕಿನ ಭಾರ, ಟೈರಿನ ಭಾರ ಎದುರುಬದುರಾಗಿ ತೂಕ ಅರ್ಧಕ್ಕೆ ಇಳಿಯುತ್ತದೆ.

ಮಣಿಗಳ ವಿಷಯ. ಅವು ಟ್ಯೂಬ್‌ಲೆಸ್ ಟೈರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಒಂದಿಷ್ಟು ಸ್ಪೀಡು ಬಂದ ಮೇಲೆ ಭಾರ ಇರುವ ಕಡೆಗೆ ಎದುರಾಗಿ ತಾವೇ ಹೋಗಿ ನಿಲ್ಲುತ್ತವೆ, ಟೈರ್ ಸವೆದ ಹಾಗೆ ಜಾಗ ಬದಲಿಸುತ್ತವೆ, ಮೇಲಾಗಿ ಕಲ್ಲು ತಾಗಿ ಉದುರುವ ಭಯ ಇಲ್ಲ. ಆದರೆ ಒಳಗೆ ಒಣಗಿರಬೇಕು. ಕಂಪ್ರೆಸರ್ ನೀರು ಸೇರಿದರೆ ಮುದ್ದೆ ಕಟ್ಟುತ್ತವೆ. ನಿಮ್ಮದು ಟ್ಯೂಬ್ ಟೈರ್, ಹಾಗಾಗಿ ಈಗ ಆ ಖರ್ಚು ಸುಮ್ನೆ. ಮುಂದೆ ಟ್ಯೂಬ್‌ಲೆಸ್‌ಗೆ ಹೋದಾಗ ಯೋಚಿಸಿ, ಆದರೆ ಓರೆ ಕೂತ ಟೈರನ್ನು ಮಣಿಯೂ ನೇರ ಮಾಡುವುದಿಲ್ಲ.

ಬೆಳಿಗ್ಗೆ ಮೊದಲ ಕೆಲವು ಕಿಲೋಮೀಟರ್ ಮಾತ್ರ ಅದುರಿ ಆಮೇಲೆ ತಾನೇ ನಿಂತರೆ ಚಿಂತೆ ಬೇಡ. ನೈಲಾನ್ ಟೈರ್ ರಾತ್ರಿಯೆಲ್ಲ ಲೋಡಿನಲ್ಲಿ ನಿಂತರೆ ನೆಲ ತಾಗಿದ ಕಡೆ ಚಪ್ಪಟೆ ಆಗುತ್ತದೆ, ಬಿಸಿಯಾದ ಮೇಲೆ ದುಂಡಗಾಗುತ್ತದೆ. ತೊಳೆದು, ಜಾಕಿ ಎತ್ತಿ ನೋಡಿದ ಮೇಲೆ ಸರಳಿನ ಹತ್ತಿರ ಎಷ್ಟು ವ್ಯತ್ಯಾಸ ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.